ತಾಳೆಬೆಲ್ಲದ ಊರಿನಲ್ಲಿ ನಾಲ್ಕು ದಿನ

ಮೊದಲ ದಿನ

ಪೆಚ್ಚಬುರಿಗೆ ಹೋಗಬೇಕೆಂದು ಬ್ಯಾಂಕಾಕಿನ ವಸತಿಗೃಹದಲ್ಲಿ ಹೇಳಿದಾಗ ಅಲ್ಲಿಯ ಹುಡುಗಿ ಐದೇ ನಿಮಿಷದಲ್ಲಿ ಟ್ಯಾಕ್ಸಿ ತರಿಸಿದಳು. ಹತ್ತು ನಿಮಿಷದ ದಾರಿ ಎಂದು ಚಾಲಕ ಕೈಬೆರಳುಗಳನ್ನು ಬಿಡಿಸಿ ತೋರಿಸಿದಾಗ ನಮಗೆ ಅನುಮಾನ ಬಂತು. ಬ್ಯಾಂಕಾಕಿನಲ್ಲಿ ಅದೇ ಹೆಸರಿನ ಉದ್ದನೆಯ ರಸ್ತೆಯೊಂದಿದೆ. ನಾವು ಹೊರಟಿದ್ದ ಊರಾದರೋ ನೈಋತ್ಯ ದಿಕ್ಕಿನಲ್ಲಿ, ರೈಲುದಾರಿಯಲ್ಲಿ ಸುಮಾರು 150 ಕಿಲೋಮೀಟರ್ ಆಚೆ, ಅದೇ ಹೆಸರಿನ ಪ್ರಾಂತದ ಮುಖ್ಯ ಪಟ್ಟಣವಾಗಿರುವ ಒಂದು ಸಣ್ಣ ಊರು. ಚಾಲಕನಿಗೆ ‘ರೊತ್ ಫೈ’, ಅಂದರೆ ರೈಲು, ಎಂಬ ಎರಡು ಪದಗಳನ್ನು ಹೇಳಿದ ಮೇಲೆಯೇ ನಾವು ಚಾವೊ ಪ್ರಯಾ ನದಿಯನ್ನು ದಾಟಿ ತೊನ್‌ಬುರಿ ನಿಲ್ದಾಣ ಸೇರಿದ್ದು.

ತೊನ್‌ಬುರಿಯಿಂದ ಹೊರಡುವ ಮೂರನೆಯ ದರ್ಜೆಯ ರೈಲಿಗೆ ಅವಸರವೆಂಬುದೇ ಇಲ್ಲ. ತೆರೆದ ಕಿಟಕಿ, ತಲೆಯ ಮೇಲೆ ತಿರುಗುವ ಫ್ಯಾನು, ನಿಲ್ದಾಣ ನಿಲ್ದಾಣದಲ್ಲೂ ಹತ್ತಿ ಇಳಿಯುವ ತಿಂಡಿ ಮಾರುವವರು. ನಮ್ಮ ಹಳೆಯ ಪ್ಯಾಸೆಂಜರ್ ಗಾಡಿಗಳಲ್ಲಿ ಓಡಾಡಿದವರಿಗೆ ಇದು ಅಪರಿಚಿತವೆನಿಸುವುದಿಲ್ಲ. ನಕೋನ್ ಪಥೊಮ್‌ನ ದೊಡ್ಡ ಸ್ತೂಪ ಕಿಟಕಿಯಲ್ಲಿ ಬಹಳ ಹೊತ್ತು ನಿಂತಿತು. ರಾಚ್ಚಬುರಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗದ್ದೆಗಳ ಬದುಗಳ ಮೇಲೆ ತಾಳೆಮರಗಳು ಕಾಣಿಸತೊಡಗಿದವು. ಮೊದಲು ಒಂದೆರಡು, ಆಮೇಲೆ ಸಾಲುಸಾಲು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಭಾವ ಎದ್ದು ಕುಳಿತು, ‘ಎಂತ ಮಾರಾಯ, ನಮ್ಮ ಕಡೆಯ ಹಾಗೆಯೇ ಉಂಟಲ್ಲ’ ಎಂದರು.

ಭಾವನ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಈ ಪ್ರವಾಸದಲ್ಲಿ ಎಲ್ಲಿ ಉಣ್ಣಬೇಕೆಂಬ ಪ್ರಶ್ನೆ ಅರ್ಧದಷ್ಟು ಅವರದೇ ಆಗಿತ್ತು. ಪುತ್ತೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಅಡಿಕೆ ತೋಟ ನೋಡಿಕೊಂಡಿರುವವರು, ಮೊಟ್ಟೆಯನ್ನೂ ಮುಟ್ಟದವರು. ನಾನು ಊರು ಬಿಟ್ಟು ಮೂವತ್ತು ವರ್ಷವಾಗಿದ್ದು, ಸಿಕ್ಕಿದ್ದನ್ನು ತಿನ್ನುವವನು. ಥಾಯ್ ಅಡಿಗೆಯಲ್ಲಿ ಮಾಂಸವನ್ನು ಬಿಡಿಸುವುದು ಕಷ್ಟವಲ್ಲ. ಬಿಡಿಸಲಾಗದಿರುವುದು ‘ನಾಮ್ ಪ್ಲಾ’ ಎಂಬ ಮೀನಿನ ರಸ ಮತ್ತು ‘ಕಪಿ’ ಎಂಬ ಹುದುಗಿಸಿದ ಸಿಗಡಿಯ ಮುದ್ದೆ. ಉಪ್ಪಿನ ಬದಲಿಗೆ ಬಳಕೆಯಾಗುವ ಇವುಗಳನ್ನು ಅಲ್ಲಿಯವರು ಮೀನೆಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಸ್ಯಾಹಾರಕ್ಕೆ ಥಾಯ್ ಭಾಷೆಯಲ್ಲಿ ಎರಡು ಹೆಸರುಗಳಿವೆ. ಒಂದು ‘ಮಂಗ್‌ಸವಿರತ್’, ಅಂದರೆ ನಮ್ಮ ಮಾಂಸವಿರತಿಯೇ. ಇದರಲ್ಲಿ ಮೊಟ್ಟೆ ಹಾಲುಗಳು ನಡೆಯುತ್ತವೆ. ಇನ್ನೊಂದು ಚೀನೀ ಮೂಲದವರ ‘ಜೇ’; ಇದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಗಳಿಗೂ ಪ್ರವೇಶವಿಲ್ಲ. ಹಳದಿ ಬಣ್ಣದ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದ ‘ಜೇ’ ಎಂಬ ಅಕ್ಷರದ ಆಕಾರವನ್ನು ಭಾವ ಬ್ಯಾಂಕಾಕಿನಲ್ಲೇ ಕಂಠಪಾಠ ಮಾಡಿಕೊಂಡಿದ್ದರು.

ಊರಿನ ಹೆಸರಿನ ಅರ್ಥ ವಜ್ರಪುರಿ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಖಮೇರ್ ದೊರೆ ಏಳನೆಯ ಜಯವರ್ಮ ಕಂಬೋಡಿಯದ ಪ್ರಿಯಾ ಖಾನ್ ದೇವಾಲಯದಲ್ಲಿ ಹಾಕಿಸಿದ ಶಾಸನದಲ್ಲಿ ಬರುವ ಶ್ರೀ ಜಯವಜ್ರಪುರಿ ಇದೇ ಊರೆಂದು ಗುರುತಿಸಲಾಗಿದೆ. ವಜ್ರದಿಂದ ಬಂದ ‘ಪೆಟ್’ ಮತ್ತು ಖಾರ ಎಂಬರ್ಥದ ‘ಪೆಟ್’ ಇವೆರಡರ ನಡುವೆ ಸ್ವರದ ಏರಿಳಿತವೊಂದೇ ವ್ಯತ್ಯಾಸವಾದ್ದರಿಂದ ನಮ್ಮಂಥವರ ಬಾಯಲ್ಲಿ ಊರು ವಜ್ರದ್ದೂ ಆಗಬಹುದು, ಮೆಣಸಿನಕಾಯಿಯದ್ದೂ ಆಗಬಹುದು. ಯುನೆಸ್ಕೊ ಸಂಸ್ಥೆ 2021ರಲ್ಲಿ ಈ ಊರನ್ನು ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಅಡಿಗೆಯ ವಿಭಾಗದಲ್ಲಿ ಸೇರಿಸಿಕೊಂಡಿತೆಂದು ಓದಿದ್ದ ನಾನು ಖಾರವನ್ನೇ ನಿರೀಕ್ಷಿಸಿಕೊಂಡು ಬಂದಿದ್ದೆ. ಊಹೆ ತಪ್ಪೆಂಬುದು ಆ ರಾತ್ರಿಯೇ ತಿಳಿಯಿತು. ಸಂಜೆಯ ಪೇಟೆಯಲ್ಲಿ ಮೊದಲು ಹೊಕ್ಕ ಅಂಗಡಿಯಲ್ಲಿ ಭಾವನಿಗೆಂದು ಮಾಂಸವಿಲ್ಲದ ನೂಡಲ್ಸ್ ಹೇಳಿದೆವು. ಮಾಂಸವೇನೋ ಇರಲಿಲ್ಲ, ಆದರೆ ಬಟ್ಟಲು ಬಂದ ಮೇಲೆ ಅಂಗಡಿಯವನು ಅದರ ಮೇಲೆ ಬಹಳ ಅಕ್ಕರೆಯಿಂದ ನಾಮ್ ಪ್ಲಾ ಸುರಿದ. ಅದು ನನ್ನ ಪಾಲಾಯಿತು. ಮುಂದಿನ ತಿರುವಿನಲ್ಲಿ ಹಳದಿ ಬಾವುಟದ ಕೈಗಾಡಿಯೊಂದು ಸಿಕ್ಕಿ, ತೋಫು, ಅಣಬೆ ಮತ್ತು ಸೋಯಾದ ಪಲ್ಯದ ಜೊತೆ ಅನ್ನ ಊಟವಾಯಿತು. ‘ಮಠದ ಊಟವೇ ಸೈ, ಆದರೆ ಸಕ್ಕರೆ ಹಾಕಿದ್ದಾರೆ’ ಎಂಬುದು ಭಾವನ ತೀರ್ಪು. ನನ್ನ ನೂಡಲ್ಸೂ ಸಿಹಿಯಾಗಿತ್ತು.

ಎರಡನೆಯ ದಿನ

ಬೆಳಿಗ್ಗೆ ಆರು ಗಂಟೆಗೆ ನದಿಯ ದಂಡೆಯ ಮಾರುಕಟ್ಟೆಗೆ ಹೋದೆವು. ಊರಿನ ನಡುವೆ ಹರಿಯುವ ಈ ನದಿಯ ನೀರು ಐದನೆಯ ರಾಮ ದೊರೆಯ ಕಾಲದಲ್ಲಿ ಬ್ಯಾಂಕಾಕಿನ ಅರಮನೆಗೆ ಕುಡಿಯಲು ಹೋಗುತ್ತಿತ್ತು. ಈಗ ಅದರ ಮೇಲಿನ ಚೊಮ್‌ಕ್ಲಾವ್ ಸೇತುವೆಯ ಎರಡೂ ಬದಿಯಲ್ಲಿ ಪೇಟೆ ಹಬ್ಬಿಕೊಂಡಿದೆ. ಬರಿಗಾಲಿನಲ್ಲಿ ಭಿಕ್ಷೆಗೆ ಬಂದ ಬೌದ್ಧ ಭಿಕ್ಷುಗಳ ಪಾತ್ರೆಗೆ ಹೆಂಗಸರು ಅನ್ನದ ಪೊಟ್ಟಣಗಳನ್ನು ಹಾಕುತ್ತಿದ್ದರು. ಹಣ್ಣಿನ ಸಾಲಿನಲ್ಲಿ ಭಾವ ನಿಂತುಬಿಟ್ಟದ್ದು ಜಂಬುನೇರಳೆಯ ಮುಂದೆ. ಪೆಚ್ಚಬುರಿಯ ಈ ಹಣ್ಣಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದ್ದು, ಥಾಯ್ ಭಾಷೆಯಲ್ಲಿ ಅದರ ಹೆಸರು ‘ಚೊಮ್ಪೂ’, ನಮ್ಮ ಜಂಬೂವೇ. ಗುಲಾಬಿ ಬಣ್ಣಕ್ಕೂ ಅವರು ಇದೇ ಪದವನ್ನು ಬಳಸುತ್ತಾರೆ. ಊರಿನ ಮನೆಯಂಗಳದಲ್ಲಿ ಉದುರಿ ಕೊಳೆಯುವ ಹಣ್ಣನ್ನು ಇಲ್ಲಿ ಒಂದೊಂದಾಗಿ ಒರೆಸಿ ಜೋಡಿಸಿಟ್ಟು ಮಾರುತ್ತಿದ್ದುದನ್ನು ಕಂಡು ಅವರಿಗೆ ನಗುವೂ ಬಂತು, ಸ್ವಲ್ಪ ಪಶ್ಚಾತ್ತಾಪವೂ ಆಯಿತು. ಪಕ್ಕದ ಅಂಗಡಿಯಲ್ಲಿ ಅವರು ಒಂದು ಕಿಲೋ ತಾಳೆಬೆಲ್ಲ ಕೊಂಡರು. ತಿಳಿ ಬಣ್ಣದ, ಒಂದೇ ಅಳತೆಯ, ಉಗುರು ಇಳಿಯದಷ್ಟು ಗಟ್ಟಿಯಾದ ಅಚ್ಚುಗಳು. ಬೆಲ್ಲವೆಂದರೆ ಹೀಗೆ ಗಟ್ಟಿಯಿರಬೇಕು ಎಂದು ಅವರು ನನಗೆ ಪಾಠ ಹೇಳಿದರು.

ನನ್ನ ಬೆಳಗಿನ ತಿಂಡಿ ‘ಖನೊಮ್ ಚೀನ್ ತೊತ್ ಮನ್’. ಖನೊಮ್ ಚೀನ್ ಎಂಬುದು ನಮ್ಮ ಒತ್ತುಶಾವಿಗೆಯ ಹತ್ತಿರದ ನೆಂಟ. ಅಕ್ಕಿಹಿಟ್ಟನ್ನು ಹಲವೊಮ್ಮೆ ಹುಳಿ ಬರಿಸಿ, ಕುದಿಯುವ ನೀರಿಗೆ ಒತ್ತಿ ತೆಗೆದು ಸಿಂಬೆಗಳಾಗಿ ಸುತ್ತಿಡುತ್ತಾರೆ. ತೊತ್ ಮನ್ ಎಂದರೆ ಮೀನು ಅರೆದು ಮಸಾಲೆ ಕಲಸಿ ಕರಿದ ವಡೆ. ಥಾಯ್ಲೆಂಡಿನಲ್ಲೆಲ್ಲ ಬೇರೆ ಬೇರೆಯಾಗಿ ಸಿಗುವ ಇವೆರಡನ್ನು ಒಂದೇ ತಟ್ಟೆಗೆ ಹಾಕಿ, ಮೇಲೆ ಸಿಹಿ, ಹುಳಿ, ಖಾರ ಬೆರೆತ ಗೊಜ್ಜು ಸುರಿದು ಕೊಡುವುದು ಪೆಚ್ಚಬುರಿಯ ಪದ್ಧತಿ. ವಡೆಯನ್ನು ಬಾಣಲೆಯಿಂದ ತೆಗೆದ ಕೂಡಲೇ ತಿನ್ನಬೇಕು, ತಣ್ಣಗಾದರೆ ರಬ್ಬರಿನಂತಾಗುತ್ತದೆ. ಆದುದರಿಂದ ಕರಿಯುವವರ ಎದುರಿಗಿರುವ ಸ್ಟೂಲು ಖಾಲಿಯಾಗುವವರೆಗೆ ಕಾಯುವುದು ಲೇಸು.

ಆದರೆ ಪೆಚ್ಚಬುರಿಗೆ ಬಂದು ತಿನ್ನಲೇಬೇಕಾದದ್ದು ‘ಖಾವ್ ಛೇ’, ಅಂದರೆ ನೆನೆಸಿದ ಅನ್ನ. ಹೆಸರು ಕೇಳಿ ಭಾವ ‘ಛೇ’ ಎಂದೇ ಉದ್ಗರಿಸಿದರು. ನೀರು ಹಾಕಿದ ಅನ್ನವೆಂದರೆ ನಮಗೆ ನೆನಪಾಗುವುದು ತಂಗಳು. ಇದು ಅದಕ್ಕೆ ತದ್ವಿರುದ್ಧ. ಅಕ್ಕಿಯನ್ನು ಅರೆಬೇಯಿಸಿ, ಮೇಲಿನ ಗಂಜಿಯ ಅಂಟು ಹೋಗುವಂತೆ ತಣ್ಣೀರಿನಲ್ಲಿ ಮತ್ತೆ ಮತ್ತೆ ಉಜ್ಜಿ ತೊಳೆದು, ಆಮೇಲೆ ಆವಿಯಲ್ಲಿ ಬೇಯಿಸುತ್ತಾರೆ. ಹೀಗಾಗಿ ಒಂದೊಂದು ಅಗುಳೂ ಬಿಡಿಬಿಡಿಯಾಗಿ, ನೀರಿಗೆ ಹಾಕಿದಾಗ ನೀರು ಕದಡದಂತೆ ನಿಲ್ಲುತ್ತದೆ. ಆ ನೀರಾದರೂ ಬರಿಯ ನೀರಲ್ಲ. ಅದರಲ್ಲಿ ಮಲ್ಲಿಗೆಯನ್ನು ರಾತ್ರಿಯಿಡೀ ತೇಲಿಬಿಟ್ಟು, ಪಾತ್ರೆಯ ಒಳಗೆ ಸುಗಂಧದ ಮೇಣದಬತ್ತಿಯ ಹೊಗೆಯನ್ನು ಹಿಡಿದಿಟ್ಟು ಪರಿಮಳ ಕಟ್ಟಿಸಿರುತ್ತಾರೆ. ಬೇಸಗೆಯ ಹೊಸವರ್ಷವಾದ ಸೊಂಗ್‌ಕ್ರಾನ್ ಹಬ್ಬಕ್ಕೆ ಮೋನ್ ಜನಾಂಗದವರು ನೈವೇದ್ಯಕ್ಕೆಂದು ಮಾಡುತ್ತಿದ್ದ ಈ ಅನ್ನ ಮುಂದೆ ಅರಮನೆಯ ಅಡಿಗೆಮನೆಗೂ ಹೋಯಿತು. ಅರಮನೆಯ ಬಗೆಯಲ್ಲಿ ನಂಜಿಕೊಳ್ಳಲು ಹಲವು ಪದಾರ್ಥಗಳಿರುತ್ತವೆ. ಪೆಚ್ಚಬುರಿಯ ಬಗೆಯಲ್ಲಿ ಮೂರೇ: ಕಪಿಯ ಮುದ್ದೆಯಿಂದ ಮಾಡಿದ ಗೋಲಿಗಾತ್ರದ ಉಂಡೆ, ಬೆಲ್ಲದಲ್ಲಿ ಹುರಿದ ಒಣಮೀನಿನ ಎಳೆ, ಬೆಲ್ಲದಲ್ಲಿ ಬಾಡಿಸಿದ ಉಪ್ಪುಮೂಲಂಗಿ. ಮೂರಕ್ಕೂ ತಳದಲ್ಲಿರುವುದು ತಾಳೆಬೆಲ್ಲವೇ.

ನಾವು ಹೋದದ್ದು ಮಾರ್ಚ್ ತಿಂಗಳ ನಡುವಿನಲ್ಲಿ, ಬಿಸಿಲು ಸರಿಯಾಗಿ ಏರಿದ ದಿನಗಳಲ್ಲಿ. ಮಾರುಕಟ್ಟೆಯ ಅಂಚಿನ ಕೈಗಾಡಿಯಲ್ಲಿ ಮಣ್ಣಿನ ಹರವಿ ಇಟ್ಟುಕೊಂಡು ಕುಳಿತಿದ್ದ ಅಜ್ಜಿ, ನಾನು ಉಂಡೆಯನ್ನು ಅನ್ನದ ಬಟ್ಟಲಿಗೆ ಹಾಕಲು ಹೋದಾಗ ಕೈ ಹಿಡಿದು ತಡೆದಳು. ನಂಜಿಕೊಳ್ಳುವುದನ್ನು ಮೊದಲು ಬಾಯಿಗೆ ಹಾಕಿಕೊಂಡು, ಅದರ ಮೇಲೆ ಒಂದು ಚಮಚ ನೀರನ್ನವನ್ನು ಕುಡಿಯಬೇಕು. ಬಟ್ಟಲಿನ ನೀರು ಕೊನೆಯವರೆಗೂ ತಿಳಿಯಾಗಿಯೇ ಉಳಿಯಬೇಕು. ಭಾವ ಉಂಡೆಯನ್ನೂ ಮೀನನ್ನೂ ನನ್ನ ಕಡೆಗೆ ತಳ್ಳಿ, ಮೂಲಂಗಿಯ ಬಗ್ಗೆ ಕೈಸನ್ನೆಯಲ್ಲಿ ದೀರ್ಘ ವಿಚಾರಣೆ ನಡೆಸಿ, ಮೀನು ಮುಟ್ಟದ ಬೇರೆ ಬಟ್ಟಲಿನಿಂದ ಹಾಕಿಸಿಕೊಂಡರು. ಎರಡನೆಯ ಚಮಚದ ನಂತರ ಅವರು ಮಾತು ನಿಲ್ಲಿಸಿದರು. ಮಲ್ಲಿಗೆ, ತಣ್ಣನೆಯ ಅನ್ನ, ಉಪ್ಪುಬೆಲ್ಲ. ಇಷ್ಟರಲ್ಲೇ ಅವರು ಎರಡು ಬಟ್ಟಲು ಮುಗಿಸಿ, ಮರುದಿನವೂ ಬರುವುದಾಗಿ ಅಜ್ಜಿಗೆ ಕನ್ನಡದಲ್ಲಿಯೇ ತಿಳಿಸಿದರು.

ಪೇಟೆಗೆ ಹತ್ತಿರದಲ್ಲೇ ಐದು ಗೋಪುರಗಳ ವಾಟ್ ಮಹಾಥಾತ್ ದೇವಾಲಯವಿದೆ. ಅದನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವೂ ಬೆಲ್ಲವೇ. ಪೆಚ್ಚಬುರಿಯ ಗಾರೆಶಿಲ್ಪ ಥಾಯ್ಲೆಂಡಿನಲ್ಲೇ ಹೆಸರುವಾಸಿಯಾದದ್ದು. ಅಚ್ಚು ಬಳಸದೆ, ಹಸಿ ಗಾರೆಯನ್ನು ಬೆರಳು ಮತ್ತು ಸಣ್ಣ ಕರಣೆಯಿಂದಲೇ ತಿದ್ದಿ ಬಳ್ಳಿ, ದೇವತೆ, ರಾಕ್ಷಸರನ್ನು ಮಾಡುತ್ತಾರೆ. ದೇವಾಲಯದ ಅಂಚುಗಳಲ್ಲಿ ಒಮ್ಮೊಮ್ಮೆ ಇತ್ತೀಚಿನ ರಾಜಕಾರಣಿಗಳ ಮುಖಗಳನ್ನೂ ಅವರು ಕೂರಿಸಿಬಿಟ್ಟಿದ್ದಾರೆ. ಆ ಗಾರೆಗೆ ಸುಣ್ಣ, ಮರಳು, ಕಾಗದ, ಅಂಟುಗಳ ಜೊತೆ ತಾಳೆಬೆಲ್ಲವನ್ನೂ ಹಾಕಿ ಕುಟ್ಟುತ್ತಾರೆ. ನಮ್ಮ ಹಳೆಯ ಮನೆಗಳ ಗಾರೆಗೂ ಬೆಲ್ಲದ ನೀರು ಬೆರೆಸುತ್ತಿದ್ದುದು ಭಾವನಿಗೆ ನೆನಪಿತ್ತು. ಊರಿನ ಗೋಡೆಗಳೂ ಸಿಹಿಯೆಂದ ಮೇಲೆ ನೂಡಲ್ಸಿನ ಬಗ್ಗೆ ದೂರುವುದು ಸರಿಯಲ್ಲವೆಂದು ನಾನು ನಿನ್ನೆಯ ಆಕ್ಷೇಪವನ್ನು ಹಿಂತೆಗೆದುಕೊಂಡೆ.

ಮಧ್ಯಾಹ್ನ ನಾನು ‘ಕುಯ್‌ತಿಯವ್ ನಾಮ್ ದೇಂಗ್’ ತಿಂದೆ. ಹೆಸರಿನ ಅರ್ಥ ಕೆಂಪುರಸದ ನೂಡಲ್ಸ್. ಕಂದುಗೆಂಪಿನ ಸಿಹಿ ರಸ, ಹಂದಿಮಾಂಸದ ತುಂಡುಗಳು, ಮೇಲೆ ಹುಳಿಖಾರದ ಚಟ್ನಿ. ಬಟ್ಟಲು ಚಿಕ್ಕದು, ಆದ್ದರಿಂದ ಇಬ್ಬರಿಗೆ ಒಂದಲ್ಲ, ಒಬ್ಬನಿಗೆ ಎರಡು. ಇದಾದ ಮೇಲೆ ಊಟದ ಅಂಗಡಿಗಳನ್ನು ಗುರುತು ಹಾಕಿಕೊಂಡು ಬರೋಣವೆಂದು ಬೀದಿ ಸುತ್ತಲು ಹೊರಟ ನಮಗೆ ಎದುರಾದದ್ದು ಎಳೆದ ಷಟರುಗಳು. ಬೆಳಿಗ್ಗೆ ಜನ ಕಿಕ್ಕಿರಿದಿದ್ದ ತೊತ್ ಮನ್ ಅಂಗಡಿಯಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಖಾವ್ ಛೇ ಅಜ್ಜಿ ಹರವಿ ಸಮೇತ ಮಾಯವಾಗಿದ್ದಳು. ಈ ಊರಿನಲ್ಲಿ ಎಲ್ಲಿ ತಿನ್ನಬೇಕೆಂದು ಕೇಳುವುದಕ್ಕಿಂತ ಎಷ್ಟು ಹೊತ್ತಿಗೆ ತಿನ್ನಬೇಕೆಂದು ಕೇಳುವುದೇ ಸರಿಯಾದ ಪ್ರಶ್ನೆ. ಅಕ್ಕಿ ಶಾವಿಗೆ ಏಳಕ್ಕೆ, ಖಾವ್ ಛೇ ಹತ್ತಕ್ಕೆ, ನೂಡಲ್ಸ್ ಹನ್ನೆರಡಕ್ಕೆ. ಎರಡರಿಂದ ಐದರವರೆಗೆ ಊರು ಮಲಗುತ್ತದೆ, ಕತ್ತಲಾಗುವಾಗ ಬೇರೆ ಬೀದಿಯಲ್ಲಿ ಬೇರೆಯವರು ಒಲೆ ಹಚ್ಚುತ್ತಾರೆ. ಒಬ್ಬೊಬ್ಬರು ಒಂದೊಂದೇ ಪದಾರ್ಥ ಮಾಡುತ್ತಾರೆ, ಅದು ಮುಗಿದ ಕೂಡಲೇ ಮನೆಗೆ ಹೋಗುತ್ತಾರೆ. ದೊಡ್ಡ ಹೋಟೆಲಿನಲ್ಲಿ ಕುಳಿತು ಎಲ್ಲವನ್ನೂ ಒಟ್ಟಿಗೆ ತರಿಸುವವರಿಗೆ ಸಿಗುವುದು ಇದರ ನಕಲು ಮಾತ್ರ.

ಮಲಗಿದ ಊರಿನಲ್ಲಿ ಮಾಡಲು ಬೇರೇನೂ ಇಲ್ಲದೆ ಖಾವ್ ವಾಂಗ್ ಬೆಟ್ಟ ಹತ್ತಿದೆವು. ನಾಲ್ಕನೆಯ ರಾಮ ದೊರೆ 1859ರ ಸುಮಾರಿಗೆ ಕಟ್ಟಿಸತೊಡಗಿದ ಬೇಸಗೆ ಅರಮನೆ ಅಲ್ಲಿದೆ. ದೊರೆಗೆ ಖಗೋಳಶಾಸ್ತ್ರದ ಹುಚ್ಚಿದ್ದುದರಿಂದ ನಕ್ಷತ್ರ ನೋಡುವ ಗೋಪುರವೂ ಇದೆ. ಕೋತಿಗಳು ವಿಪರೀತ. ಭಾವನ ಜಂಬುನೇರಳೆಯ ಚೀಲ ಮೂರನೆಯ ತಿರುವಿನಲ್ಲೇ ಕೈತಪ್ಪಿತು. ಇಳಿದು ಬಂದ ಮೇಲೆ ಕುಡಿದ ‘ಲೊತ್ ಚೊಂಗ್’ ಆ ನಷ್ಟವನ್ನು ತುಂಬಿಕೊಟ್ಟಿತು; ಪರಿಮಳದ ಎಲೆಯ ರಸದಿಂದ ಹಸಿರಾದ ಅಕ್ಕಿಹಿಟ್ಟಿನ ಎಳೆಗಳು, ತೆಂಗಿನ ಹಾಲು, ಮಂಜುಗಡ್ಡೆ, ಮತ್ತು ಚಮಚಕ್ಕೆ ಅಂಟಿಕೊಳ್ಳುವಷ್ಟು ದಪ್ಪವಾದ ತಾಳೆಬೆಲ್ಲದ ಪಾಕ. ಮೊಟ್ಟೆಯಿಲ್ಲ, ಮೀನಿಲ್ಲ, ವಿಚಾರಣೆಯ ಅಗತ್ಯವೂ ಇಲ್ಲ.

ಮೂರನೆಯ ದಿನ

ಸಕ್ಕರೆಗೆ ಥಾಯ್ ಭಾಷೆಯಲ್ಲಿ ‘ನಾಮ್ ತಾನ್’ ಎನ್ನುತ್ತಾರೆ. ನಾಮ್ ಎಂದರೆ ನೀರು, ತಾನ್ ಎಂದರೆ ತಾಳೆ. ಪಾಲಿಯ ತಾಲ ಶಬ್ದವೇ ಹೀಗಾಗಿದೆ. ಕಬ್ಬಿನ ಸಕ್ಕರೆಗೂ ಅವರು ತಾಳೆನೀರು ಎಂದೇ ಹೇಳುತ್ತಾರೆ, ನಾವು ಎಳ್ಳಿನ ಹೆಸರಿಟ್ಟುಕೊಂಡ ಎಣ್ಣೆಯನ್ನು ಕೊಬ್ಬರಿಗೂ ಹೇಳಿದಂತೆ. ಈ ತಾಳೆನೀರನ್ನು ಇಳಿಸುವುದನ್ನು ನೋಡಲು ಬೆಳಗಿನ ಜಾವವೇ ಸೋಂಗ್‌ಥೇವ್ ಹಿಡಿದು, ಅಂದರೆ ಹಿಂದುಗಡೆ ಎರಡು ಸಾಲು ಬೆಂಚು ಹಾಕಿದ ಸಣ್ಣ ಲಾರಿಯಲ್ಲಿ ಕುಳಿತು, ಪಟ್ಟಣದ ನೆರೆಯ ಬಾನ್ ಲಾತ್ ಎಂಬ ತಾಲ್ಲೂಕಿನ ಒಂದು ತೋಟಕ್ಕೆ ಹೋದೆವು. ಭಾವನ ಉತ್ಸಾಹ ಹೇಳತೀರದು. ನಮ್ಮ ಕರಾವಳಿಯಲ್ಲಿ ಓಲೆಬೆಲ್ಲವೆಂದು ಕರೆಯುವ ಈ ಬೆಲ್ಲ ಅವರ ಬಾಲ್ಯದಲ್ಲಿ ಕೆಮ್ಮಿಗೆ ಔಷಧಿ. ಈಗ ಮರ ಹತ್ತುವ ಮೂರ್ತೆದಾರರೇ ವಿರಳವಾಗಿ, ಬೆಲ್ಲ ಸಿಕ್ಕಿದರೂ ನಂಬುವ ಹಾಗಿಲ್ಲ.

ತೋಟದ ಯಜಮಾನ ಅರವತ್ತು ದಾಟಿದವನು. ಅಲ್ಲಿಯವರು ಕಾಲಿಗೆ ಬಳ್ಳಿಯ ತಳೆ ಹಾಕಿಕೊಂಡು ಹತ್ತುವುದಿಲ್ಲ. ಗಿಣ್ಣಿನ ಕವಲುಗಳನ್ನು ಗೇಣುದ್ದ ಉಳಿಸಿಕೊಂಡ ಬಿದಿರಿನ ಗಳುವನ್ನು ಮರಕ್ಕೆ ಬಿಗಿದು, ಅದನ್ನೇ ಏಣಿಯಂತೆ ಬಳಸುತ್ತಾರೆ. ಸೊಂಟದಲ್ಲಿ ಕತ್ತಿ, ಬೆನ್ನಿಗೆ ಬಿದಿರಿನ ಕೊಳವೆಗಳು. ತಾಳೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಎರಡರಿಂದಲೂ ರಸ ಬರುತ್ತದೆ. ಹೂಗೊಂಚಲನ್ನು ಮರದ ಇಕ್ಕುಳದಿಂದ ಹಲವು ದಿನ ಹದವಾಗಿ ಹಿಸುಕಿ ಹದಗೊಳಿಸಿ, ತುದಿಯನ್ನು ತೆಳ್ಳಗೆ ಸವರಿ, ಕೆಳಗೆ ಕೊಳವೆ ಕಟ್ಟುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತಿ ಇಳಿಸಬೇಕು, ಪ್ರತಿ ಸಲವೂ ತುದಿಯನ್ನು ಹೊಸದಾಗಿ ಸವರಬೇಕು. ಒಂದು ದಿನ ತಪ್ಪಿದರೆ ಗಾಯ ಒಣಗಿ ಮರ ಮುಷ್ಕರ ಹೂಡುತ್ತದೆ.

ಕೊಳವೆಯ ತಳದಲ್ಲಿ ಒಂದಿಷ್ಟು ಮರದ ಚಕ್ಕೆಗಳಿರುವುದನ್ನು ಕಂಡು ಭಾವ ಅದೇನೆಂದು ಕೇಳಿದರು. ಅದು ‘ಪಯೋಮ್’ ಎಂಬ ಮರದ ಚೂರು. ಅದರ ಒಗರು ರಸ ಹುಳಿಯದಂತೆ ತಡೆಯುತ್ತದೆ. ನಮ್ಮಲ್ಲಿ ಇದೇ ಕೆಲಸಕ್ಕೆ ಮಡಕೆಯ ಒಳಗೆ ಸುಣ್ಣ ಬಳಿಯುತ್ತಾರೆ. ಬಳಿಯದಿದ್ದರೆ ಮಧ್ಯಾಹ್ನದೊಳಗೆ ನೀರಾ ಕಳ್ಳಾಗುತ್ತದೆ. ಈ ಮಾತನ್ನು ಭಾವ ನೆಲದ ಮೇಲೆ ಚಿತ್ರ ಬರೆದು, ತೂರಾಡಿ ಅಭಿನಯಿಸಿ ಯಜಮಾನನಿಗೆ ತಿಳಿಸಿದರು. ಆತನಿಗೆ ಪೂರ್ತಿ ಅರ್ಥವಾಯಿತೆಂಬುದಕ್ಕೆ ಸಾಕ್ಷಿಯಾಗಿ ಬೇರೊಂದು ಕೊಳವೆಯನ್ನು ತಂದು ನಮ್ಮ ಮೂಗಿಗೆ ಹಿಡಿದ. ಅದರಲ್ಲಿ ಚಕ್ಕೆ ಹಾಕಿರಲಿಲ್ಲ.

ಇಳಿಸಿದ ರಸವನ್ನು ಬಟ್ಟೆಯಲ್ಲಿ ಸೋಸಿ ದೊಡ್ಡ ಬಾಣಲೆಯಲ್ಲಿ ಕುದಿಯಲಿಟ್ಟರು. ಒಲೆಗೆ ಒಣಗಿದ ತಾಳೆಯ ದಿಂಡು, ಗರಿ. ಮರದ ರಸವನ್ನು ಮರದಿಂದಲೇ ಕಾಯಿಸುವುದು. ಮೊದಲು ಬಿಳಿ ನೊರೆ, ಆಮೇಲೆ ಚಿನ್ನದ ಬಣ್ಣದ ದೊಡ್ಡ ಗುಳ್ಳೆ, ಕೊನೆಗೆ ಸುಟ್ಟ ಹಾಲಿನ ವಾಸನೆ. ಉಕ್ಕು ಹೊರಗೆ ಚೆಲ್ಲದಂತೆ ಬಾಣಲೆಯ ಮೇಲೆ ತಳವಿಲ್ಲದ ಬಿದಿರಿನ ಬುಟ್ಟಿಯೊಂದನ್ನು ಕವುಚಿದ್ದರು. ಪಾಕ ಹದಕ್ಕೆ ಬಂದ ಮೇಲೆ ಇಳಿಸಿ, ಸುರುಳಿಯಾದ ಕಡೆಗೋಲಿನಿಂದ ರಭಸವಾಗಿ ತಿರುವಿದಾಗ ಅದು ಕಣ್ಣೆದುರಿಗೇ ಬಣ್ಣ ತಿಳಿಯಾಗಿ ಮಂದವಾಯಿತು. ಬಿಸಿಬಿಸಿ ಬೆಲ್ಲವನ್ನು ಗರಿಯ ತುಂಡಿನಲ್ಲಿ ತೆಗೆದು ಕೊಟ್ಟರು. ಸಿಹಿಯ ಹಿಂದೆ ಸಣ್ಣ ಉಪ್ಪು, ಅದರ ಹಿಂದೆ ಹೊಗೆ. ಇದನ್ನು ತಿಂದ ನಾಲಿಗೆಗೆ ಪೇಟೆಯ ಬೆಲ್ಲ ಬರಿಯ ಸಕ್ಕರೆಯೆನಿಸುತ್ತದೆ, ಮತ್ತು ಅದು ಬಹುಮಟ್ಟಿಗೆ ನಿಜವೂ ಹೌದು. ಕಬ್ಬಿನ ಸಕ್ಕರೆ ಅಗ್ಗವಾದ್ದರಿಂದ ಕುದಿಯುವ ರಸಕ್ಕೆ ಅದನ್ನು ಸೇರಿಸುವವರು ಬಹಳ; ಸೇರಿಸಿದರೆ ಬೆಲ್ಲ ಬೆಳ್ಳಗೆ, ಗಟ್ಟಿಯಾಗಿ, ಅಚ್ಚು ಕೆಡದೆ ನಿಲ್ಲುತ್ತದೆ. ಶುದ್ಧವಾದದ್ದು ಸೆಕೆಗೆ ಕರಗಿ ಮೆತ್ತಗಾಗುತ್ತದೆ ಎಂದು ಯಜಮಾನನ ಮಗಳು ಫೋನಿನ ಅನುವಾದಕದಲ್ಲಿ ಬರೆದು ತೋರಿಸಿದಾಗ ಭಾವ ಓದಿ, ಏನೂ ಹೇಳದೆ, ಇಲ್ಲಿಯೂ ಒಂದು ಕಿಲೋ ಕೊಂಡರು.

ಮಧ್ಯಾಹ್ನದ ಊಟವೂ ಅಲ್ಲಿಯೇ. ‘ಕೇಂಗ್ ಹುವಾ ತಾನ್’ ಎಂಬ ಸಾರು ಪೆಚ್ಚಬುರಿಯ ಹೊರಗೆ ಸುಲಭವಾಗಿ ಸಿಗುವುದಿಲ್ಲ. ಎಳೆಯ ತಾಳೆಕಾಯಿಯ ತಲೆಭಾಗವನ್ನು ತೆಳ್ಳಗೆ ಹೆಚ್ಚಿ, ಕಹಿ ಹೋಗಲು ಬೇಯಿಸಿ ಹಿಂಡಿ, ತೆಂಗಿನ ಹಾಲು ಮತ್ತು ಅರೆದ ಮಸಾಲೆಯಲ್ಲಿ ಮಾಡುತ್ತಾರೆ. ಸಾಮಾನ್ಯವಾಗಿ ಇದಕ್ಕೆ ದನದ ಮಾಂಸ ಹಾಕುವ ರೂಢಿ. ನನ್ನ ಬಟ್ಟಲಿನಲ್ಲಿ ಸಿಗಡಿಯಿತ್ತು. ಬಾಳೆದಿಂಡಿಗೂ ಗುಜ್ಜೆಗೂ, ಅಂದರೆ ಎಳೆ ಹಲಸಿಗೂ, ನಡುವಿನ ನಾರು, ಎಲ್ಲಿಯೋ ಒಂದು ಸಣ್ಣ ಕಹಿ. ಮಸಾಲೆಯಲ್ಲೇ ಕಪಿ ಅರೆದಿರುವುದರಿಂದ ಭಾವನಿಗೆ ಅದು ದಕ್ಕಲಿಲ್ಲ. ಅವರಿಗಾಗಿ ಮನೆಯಾಕೆ ಅನ್ನ, ಬೇಯಿಸಿದ ತರಕಾರಿ, ಸೋಯಾ ರಸ, ನಿಂಬೆ ಇಟ್ಟಳು. ನಿಂಬೆ ಪಕ್ಕದ ಥಾ ಯಾಂಗ್ ತಾಲ್ಲೂಕಿನದು, ಆ ತಾಲ್ಲೂಕು ಅದಕ್ಕೇ ಪ್ರಸಿದ್ಧ. ಆದರೆ ಸಿಹಿಯ ಸರದಿ ಬಂದಾಗ ಲೆಕ್ಕ ಸರಿಹೋಯಿತು. ತಾಟಿನಿಂಗು ತೆಂಗಿನ ಹಾಲಿನಲ್ಲಿ. ಆಮೇಲೆ ‘ಖನೊಮ್ ತಾನ್’, ಅಂದರೆ ಮಾಗಿದ ತಾಳೆಹಣ್ಣಿನ ಹಳದಿ ತಿರುಳನ್ನು ಅಕ್ಕಿಹಿಟ್ಟು, ಬೆಲ್ಲ, ತೆಂಗಿನ ಹಾಲಿನೊಂದಿಗೆ ಕಲಸಿ, ಹುಳಿ ಬರಿಸಿ, ಆವಿಯಲ್ಲಿ ಬೇಯಿಸಿದ ಕಡುಬು, ಮೇಲೆ ತೆಂಗಿನ ತುರಿ. ಹಲಸಿನ ಹಣ್ಣಿನ ಕಡುಬು ತಿಂದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾವ ಐದು ತಿಂದರು. ಆರನೆಯದನ್ನು ಕಾಗದದಲ್ಲಿ ಕಟ್ಟಿಸಿಕೊಂಡರು.

ನಾಲ್ಕನೆಯ ದಿನ

ಪೆಚ್ಚಬುರಿಯನ್ನು ಥಾಯ್ ಜನ ಮೂರು ರುಚಿಗಳ ಊರೆನ್ನುತ್ತಾರೆ: ಬಾನ್ ಲಾತಿನ ಬೆಲ್ಲ, ಥಾ ಯಾಂಗಿನ ನಿಂಬೆ, ಬಾನ್ ಲೇಮಿನ ಉಪ್ಪು. ಕೊನೆಯದನ್ನು ನೋಡಲು ಕಡಲ ಕಡೆಗೆ ಹೋದೆವು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ಕಂಡವರಿಗೆ ಗುರುತು ಹತ್ತುವ ದೃಶ್ಯ. ಆದರೆ ಇಲ್ಲಿ ಅವು ದಿಗಂತದವರೆಗೆ ಹರಡಿವೆ. ಮಳೆ ನಿಂತ ಮೇಲೆ ಕಡಲ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ, ಬಿಸಿಲಿನಲ್ಲಿ ಗಟ್ಟಿಮಾಡುತ್ತ, ಮಾರ್ಚ್ ಏಪ್ರಿಲ್ ಹೊತ್ತಿಗೆ ಗೋಪುರಗಳಂತೆ ರಾಶಿ ಹಾಕುತ್ತಾರೆ. ನೀರಿನ ಮೇಲೆ ಮೊದಲು ಕಟ್ಟುವ ತೆಳುವಾದ ಹರಳುಪದರವನ್ನು ‘ಡೊಕ್ ಕ್ಲುಯೆ’, ಉಪ್ಪಿನ ಹೂವು, ಎನ್ನುತ್ತಾರೆ. ಅದನ್ನು ಹಸಿ ಮಾವಿನಕಾಯಿಗೆ ಹಚ್ಚಿಕೊಂಡು ತಿಂದಾಗ ಮೂರು ದಿನಗಳಲ್ಲಿ ಮೊದಲ ಬಾರಿಗೆ ನನ್ನ ಬಾಯಿ ಬೆಲ್ಲವನ್ನು ಮರೆಯಿತು.

ಬಾನ್ ಲೇಮ್ ಮೀನುಗಾರರ ಊರು. ಏಡಿ, ಮಳಿ, ಮೀನು ಎಲ್ಲವೂ ದೋಣಿಯಿಂದ ನೇರ ಬಾಣಲೆಗೆ ಬರುತ್ತವೆ. ನಾನು ತಿಂದದ್ದು ಕರಿದ ‘ಪ್ಲಾ ತೂ’, ನಮ್ಮ ಬಂಗುಡೆಯ ದಾಯಾದಿ, ಸ್ವಲ್ಪ ಅಗಲ ದೇಹದ್ದು, ಮುಳ್ಳು ಮೆತ್ತಗಿನದು. ಬಂಗುಡೆಯ ಮುಂದೆ ಅದಕ್ಕೆ ಮಾರ್ಕು ಕಡಿಮೆ ಕೊಡಬೇಕಾಗುತ್ತದೆ, ಪಕ್ಷಪಾತವಿರಬಹುದು. ಭಾವ ಆ ಹೊತ್ತಿಗೆ ಆರನೆಯ ಕಡುಬನ್ನು ಬಿಚ್ಚಿದ್ದರು.

ಹಿಂತಿರುಗುವಾಗ ಉಳಿದ ಕೆಲಸ ಒಂದೇ, ‘ಖನೊಮ್ ಮೋ ಕ್ಯಾಂಗ್’ ಕೊಳ್ಳುವುದು. ಪೆಚ್ಚಬುರಿಯ ಹೆಸರು ಹೇಳಿದರೆ ಥಾಯ್ಲೆಂಡಿನವರಿಗೆ ಮೊದಲು ನೆನಪಾಗುವ ತಿಂಡಿಯಿದು: ಮೊಟ್ಟೆ, ತೆಂಗಿನ ಹಾಲು, ತಾಳೆಬೆಲ್ಲವನ್ನು ಹೆಸರುಬೇಳೆ ಅಥವಾ ಕೆಸುವಿನ ಗೆಡ್ಡೆಯ ಹಿಟ್ಟಿನೊಂದಿಗೆ ಕಲಸಿ, ತಟ್ಟೆಯಲ್ಲಿ ಹುಯ್ದು, ಮೇಲೂ ಕೆಳಗೂ ಬೆಂಕಿ ಕೊಟ್ಟು ಬೇಯಿಸಿದ್ದು, ಮೇಲೆ ಕರಿದ ಸಣ್ಣ ಈರುಳ್ಳಿ. ಹದಿನೇಳನೆಯ ಶತಮಾನದಲ್ಲಿ ಹಳೆಯ ರಾಜಧಾನಿ ಅಯುತ್ಥಯದ ಅರಮನೆಗೆ ಪೋರ್ಚುಗೀಸ್ ಬಗೆಯ ಮೊಟ್ಟೆಯ ಸಿಹಿಗಳನ್ನು ಪರಿಚಯಿಸಿದ ಮರಿಯಾ ಗಿಯೊಮಾರ್ ಡಿ ಪಿನ್ಹಾ ಎಂಬಾಕೆಯೊಂದಿಗೆ ಇದನ್ನೂ ಸೇರಿಸಿ ಹೇಳುವುದುಂಟು. ಮೇ ಕಿಮ್ ಲೈ, ಮೇ ಕಿಮ್ ಲಾಂಗ್ ಎಂದು ಇಲ್ಲಿಯ ಹಲವು ಅಂಗಡಿಗಳ ಹೆಸರುಗಳು ‘ಮೇ’ಯಿಂದ ಮೊದಲಾಗುತ್ತವೆ, ಮೇ ಎಂದರೆ ಅಮ್ಮ. ಪೆಚ್‌ಕಸೇಮ್ ಹೆದ್ದಾರಿಯ ಅಂಗಡಿಗಳ ಮುಂದೆ ಪ್ರವಾಸಿ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಹೆಸರುಬೇಳೆಯದಕ್ಕಿಂತ ಕೆಸುವಿನದು ನನಗೆ ಮೇಲೆನಿಸಿತು. ಈರುಳ್ಳಿಯ ಉಪ್ಪುಗರಿ ಇಲ್ಲದಿದ್ದರೆ ಎರಡೂ ಅತಿಸಿಹಿ.

ಸಂಜೆಯ ರೈಲಿನಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ರಾಚ್ಚಬುರಿ ಬರುವ ಮುಂಚೆ ಭಾವನ ಚೀಲದ ತಳ ಅಂಟಂಟಾಗಿರುವುದು ಕಂಡು ಎರಡೂ ಪೊಟ್ಟಣಗಳನ್ನು ಹೊರತೆಗೆದೆವು. ತೋಟದ ಬೆಲ್ಲ ಮೆತ್ತಗಾಗಿ, ಎಲೆಯ ಸಂದಿನಿಂದ ಜಿನುಗಿ, ಅವರ ಪಾಸ್‌ಪೋರ್ಟಿನ ಹೊದಿಕೆಯವರೆಗೂ ಬಂದಿತ್ತು. ಮಾರುಕಟ್ಟೆಯ ಬೆಲ್ಲ ಕೊಂಡ ದಿನದಷ್ಟೇ ಗಟ್ಟಿಯಾಗಿ, ಅಚ್ಚಿನ ಅಂಚು ಕೂಡ ಮುಕ್ಕಾಗದೆ ಕುಳಿತಿತ್ತು. ಭಾವ ಬೆರಳಿಗೆ ಅಂಟಿದ್ದನ್ನು ನೆಕ್ಕಿ, ಗಟ್ಟಿ ಅಚ್ಚುಗಳನ್ನು ಮತ್ತೆ ಚೆನ್ನಾಗಿ ಕಟ್ಟಿ ಬದಿಗಿಟ್ಟರು. ‘ಇದನ್ನು ನಮ್ಮ ಬ್ಯಾಂಕಿನವರಿಗೆ ಕೊಡುವ, ಮತ್ತೊಂದು ಮನೆಗೆ’ ಎಂದು ಹೇಳಿ, ಕೈ ತೊಳೆಯಲು ಎದ್ದರು.